ಎಪ್ಪತ್ತೈದು ವರ್ಷ ಪಟ್ಟದಲ್ಲಿದ್ದ ಸಂಖ್ಯೆ

170141183460469231731687303715884105727.

ಮೂವತ್ತೊಂಬತ್ತು ಅಂಕಿಗಳ ಈ ಸಂಖ್ಯೆಯನ್ನು, ಒಂದನ್ನೂ ಅದನ್ನೂ ಬಿಟ್ಟರೆ, ಬೇರೆ ಯಾವ ಸಂಖ್ಯೆಯೂ ಶೇಷವಿಲ್ಲದೆ ಭಾಗಿಸುವುದಿಲ್ಲ. 127 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದ ಗುಣಲಬ್ಧದಲ್ಲಿ ಒಂದು ಕಳೆದರೆ ಇದು ಸಿಗುತ್ತದೆ. ಗಣಿತದವರು ಇದನ್ನು 2¹²⁷ − 1 ಎಂದು ಬರೆಯುತ್ತಾರೆ. ಇದು ಅವಿಭಾಜ್ಯ ಸಂಖ್ಯೆ ಎಂದು 1876ರಲ್ಲಿ ಫ್ರಾನ್ಸಿನ ಒಬ್ಬ ಶಾಲಾ ಮೇಷ್ಟ್ರು ಸಾರಿದ. ಅಲ್ಲಿಂದ 1951ರವರೆಗೆ, ಎರಡು ಮಹಾಯುದ್ಧಗಳು ಬಂದುಹೋದರೂ, ಮನುಷ್ಯರಿಗೆ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಇದೇ ಆಗಿ ಉಳಿಯಿತು. ಯಂತ್ರದ ನೆರವಿಲ್ಲದೆ ಬರೀ ಕೈಲೆಕ್ಕದಿಂದ ಸಿಕ್ಕವುಗಳಲ್ಲಿ ಇದಕ್ಕಿಂತ ದೊಡ್ಡದು ಇಂದಿಗೂ ಇಲ್ಲ.

ಇದರಲ್ಲಿ ಬೆರಗುಪಡುವಂಥದ್ದು ಏನು ಎಂದು ತಿಳಿಯಬೇಕಾದರೆ, ನಾವು ಶಾಲೆಯಲ್ಲಿ ಕಲಿತ ದಾರಿಯಲ್ಲೇ ಇದನ್ನು ಪರೀಕ್ಷಿಸಲು ಹೊರಟರೆ ಏನಾಗುತ್ತದೆ ನೋಡಬೇಕು. ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ತಿಳಿಯಲು ಅದರ ವರ್ಗಮೂಲದವರೆಗಿನ ಸಂಖ್ಯೆಗಳಿಂದ ಭಾಗಿಸುತ್ತಾ ಹೋಗಬೇಕು. ಹದಿನೇಳು, ಹದಿನೆಂಟನೆಯ ಶತಮಾನದ ಗಣಿತಜ್ಞರು ಕಂಡುಹಿಡಿದ ಎಲ್ಲ ಅಡ್ಡದಾರಿಗಳನ್ನು ಬಳಸಿ, ಬೇಡದ ಭಾಜಕಗಳನ್ನೆಲ್ಲ ಕೈಬಿಟ್ಟರೂ, ಸೆಕೆಂಡಿಗೆ ಒಂದು ಭಾಗಾಕಾರದಂತೆ ಈ ಕೆಲಸ ಮುಗಿಯಲು ಎಂಬತ್ತು ಕೋಟಿ ವರ್ಷ ಬೇಕು. ಹಾಗಿರುವಾಗ ಪಾಠ ಹೇಳಿ ಬದುಕುತ್ತಿದ್ದ ಒಬ್ಬ ಮನುಷ್ಯ, ಕಂಪ್ಯೂಟರ್ ಎಂಬುದು ಇಲ್ಲದ ಕಾಲದಲ್ಲಿ, ಇದನ್ನು ಹೇಗೆ ತಿಳಿದ?

ಕಥೆ ಶುರುವಾಗುವುದು ಯೂಕ್ಲಿಡ್‌ನಿಂದ. 6ನ್ನು ಭಾಗಿಸುವ ಚಿಕ್ಕ ಸಂಖ್ಯೆಗಳು 1, 2, 3. ಅವನ್ನು ಕೂಡಿದರೆ ಮತ್ತೆ 6. 28ಕ್ಕೂ ಹೀಗೆಯೇ: 1, 2, 4, 7, 14 ಸೇರಿ 28. ಇಂಥವನ್ನು ಗ್ರೀಕರು ಪರಿಪೂರ್ಣ ಸಂಖ್ಯೆಗಳೆಂದು ಕರೆದರು. ಎರಡರ ಯಾವುದೋ ಘಾತದಿಂದ ಒಂದು ಕಳೆದಾಗ ಬರುವುದು ಅವಿಭಾಜ್ಯವಾಗಿದ್ದರೆ ಅದರಿಂದ ಒಂದು ಪರಿಪೂರ್ಣ ಸಂಖ್ಯೆ ಕಟ್ಟಬಹುದು ಎಂದು ಯೂಕ್ಲಿಡ್ ತನ್ನ ಗ್ರಂಥದ ಒಂಬತ್ತನೆಯ ಭಾಗದಲ್ಲಿ ಸಾಧಿಸಿದ್ದ. ಆದ್ದರಿಂದ 3, 7, 31, 127 ಎಂಬ ಈ ಕುಲದ ಸಂಖ್ಯೆಗಳ ಮೇಲೆ ಎರಡು ಸಾವಿರ ವರ್ಷಗಳಿಂದ ಜನರ ಕಣ್ಣಿತ್ತು. ಘಾತ ಅವಿಭಾಜ್ಯವಾಗಿದ್ದರೆ ಸಾಕು, ಫಲವೂ ಅವಿಭಾಜ್ಯವೇ ಎಂದು ಬಹಳ ಮಂದಿ ನಂಬಿದ್ದರು. 1536ರಲ್ಲಿ ಹುಡಾಲ್ರಿಕಸ್ ರೇಗಿಯಸ್ ಎಂಬಾತ 2¹¹ − 1 ಅಂದರೆ 2047, 23 ಮತ್ತು 89ರ ಗುಣಲಬ್ಧ ಎಂದು ತೋರಿಸಿ ಆ ನಂಬಿಕೆ ಮುರಿದ. ಬೊಲೊನ್ಯಾದ ಕಟಾಲ್ಡಿ ಭಾಗಾಕಾರ ಮಾಡಿ ಮಾಡಿ 131071 ಮತ್ತು 524287 ಎರಡೂ ಅವಿಭಾಜ್ಯ ಎಂದು ಸ್ಥಾಪಿಸಿದ.

ಆಮೇಲೆ ಬಂದವನು ಮಾರಿನ್ ಮೆರ್ಸೆನ್. ಪ್ಯಾರಿಸ್ಸಿನ ಮಿನಿಮ್ ಪಂಥದ ಸನ್ಯಾಸಿ. ಆ ಪಂಥದವರು ಮಾಂಸವಿರಲಿ, ಮೊಟ್ಟೆ ಹಾಲುಗಳನ್ನೂ ಮುಟ್ಟುತ್ತಿರಲಿಲ್ಲ. ಮಠದ ತನ್ನ ಕೋಣೆಯಲ್ಲಿ ಕೂತು ಆತ ಯುರೋಪಿನ ವಿದ್ವಾಂಸರಿಗೆಲ್ಲ ಪತ್ರ ಬರೆಯುತ್ತಿದ್ದ. ದೆಕಾರ್ತ್, ಫರ್ಮಾ, ಟೊರಿಚೆಲ್ಲಿ ಮುಂತಾದವರ ನಡುವೆ ಸುದ್ದಿ ದಾಟಿಸುತ್ತಿದ್ದವನು ಆತನೇ. ವಿಜ್ಞಾನ ಪತ್ರಿಕೆಗಳು ಇನ್ನೂ ಹುಟ್ಟದ ಕಾಲದಲ್ಲಿ ಈ ಒಬ್ಬ ಸನ್ಯಾಸಿ ಒಂದು ಪತ್ರಿಕೆಯ ಕೆಲಸ ಮಾಡಿದ. 1644ರಲ್ಲಿ ಆತ ಪ್ರಕಟಿಸಿದ ಪುಸ್ತಕದ ಮುನ್ನುಡಿಯಲ್ಲಿ ಒಂದು ಪಟ್ಟಿ ಇದೆ: 257ರವರೆಗಿನ ಘಾತಗಳಲ್ಲಿ 2, 3, 5, 7, 13, 17, 19, 31, 67, 127, 257 ಇವಿಷ್ಟೇ ಅವಿಭಾಜ್ಯ ಕೊಡುತ್ತವೆ, ಉಳಿದ ಯಾವುದೂ ಕೊಡುವುದಿಲ್ಲ. ಸಾಧನೆ ಕೊಡಲಿಲ್ಲ, ದಾರಿ ಹೇಳಲಿಲ್ಲ. ಹದಿನೈದು ಇಪ್ಪತ್ತು ಅಂಕಿಯ ಸಂಖ್ಯೆ ಅವಿಭಾಜ್ಯವೇ ಎಂದು ಪರೀಕ್ಷಿಸಲು ಕಾಲವೆಲ್ಲವೂ ಸಾಲದು ಎಂದು ಅದೇ ಪುಸ್ತಕದಲ್ಲಿ ತಾನೇ ಒಪ್ಪಿಕೊಂಡ. ಹಾಗೆ ಹೇಳಿದವನೇ ಎಪ್ಪತ್ತೆಂಟು ಅಂಕಿಗಳ 2²⁵⁷ − 1ರ ಬಗ್ಗೆ ತೀರ್ಪು ಕೊಟ್ಟದ್ದು ದೊಡ್ಡ ಧೈರ್ಯವೇ. ಆ ಪಟ್ಟಿಯನ್ನು ಪೂರ್ತಿ ಪರಿಶೀಲಿಸಿ ಮುಗಿಸಲು ಗಣಿತ ಲೋಕಕ್ಕೆ ಮುನ್ನೂರ ಮೂರು ವರ್ಷ ಹಿಡಿಯಿತು.

ಮೊದಲ ಅಡ್ಡದಾರಿ ಸಿಕ್ಕಿದ್ದು ಫರ್ಮಾನಿಗೆ, 1640ರಲ್ಲಿ. ಘಾತ p ಒಂದು ಬೆಸ ಅವಿಭಾಜ್ಯವಾಗಿದ್ದರೆ 2ᵖ − 1ನ್ನು ಭಾಗಿಸುವ ಯಾವ ಅವಿಭಾಜ್ಯವೇ ಆಗಲಿ, ಅದರಿಂದ ಒಂದು ಕಳೆದರೆ 2pಯಿಂದ ಭಾಗವಾಗಲೇಬೇಕು. 37ನೇ ಘಾತವನ್ನು ತೆಗೆದುಕೊಂಡರೆ ಪರೀಕ್ಷಿಸಬೇಕಾದ್ದು 75, 149, 223... ಹೀಗೆ 74 ಬಿಟ್ಟು 74. ಅದರಲ್ಲೂ 75 ಅವಿಭಾಜ್ಯವಲ್ಲ. ಎರಡನೆಯ ಯತ್ನಕ್ಕೇ ಫರ್ಮಾನಿಗೆ 223 ಸಿಕ್ಕಿತು, ಸಂಖ್ಯೆ ಒಡೆಯಿತು. ಆಯ್ಲರ್ ಇದಕ್ಕೆ ಇನ್ನೊಂದು ನಿಯಮ ಸೇರಿಸಿ ಉಳಿದ ಭಾಜಕಗಳನ್ನು ಅರ್ಧಕ್ಕಿಳಿಸಿದ. ಎಂಟರಿಂದ ಭಾಗಿಸಿದಾಗ ಒಂದೋ ಏಳೋ ಶೇಷ ಉಳಿಯುವಂಥವನ್ನು ಮಾತ್ರ ನೋಡಿದರೆ ಸಾಕು. 31ನೇ ಘಾತಕ್ಕೆ ಈ ಎರಡು ಜರಡಿ ಹಿಡಿದರೆ ಪರೀಕ್ಷಿಸಬೇಕಾದ ಭಾಜಕಗಳು ನಾನೂರಕ್ಕಿಂತ ಕಡಿಮೆ. 1772ರಲ್ಲಿ, ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿದ್ದ ಆಯ್ಲರ್, ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಬರ್ನೂಲಿಗೆ ಬರೆದ ಪತ್ರದಲ್ಲಿ 2147483647 ಅವಿಭಾಜ್ಯ ಎಂದು ತಿಳಿಸಿದ. ಈ ಹತ್ತಂಕಿಯ ಸಂಖ್ಯೆ ಇಂದು ಕಂಪ್ಯೂಟರ್ ಕೆಲಸದವರಿಗೆ ಚಿರಪರಿಚಿತ. 32 ಬಿಟ್‌ಗಳಲ್ಲಿ ಚಿಹ್ನೆಯೊಡನೆ ಹಿಡಿಸುವ ಅತಿ ದೊಡ್ಡ ಪೂರ್ಣಾಂಕ ಅದು. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತಿರುವ ಹಳೆಯ ವ್ಯವಸ್ಥೆಗಳು 2038ರ ಜನವರಿ 19ರಂದು ಮುಗ್ಗರಿಸುವುದು ಈ ಅಂಕದ ಮೇಲೆಯೇ.

1811ರಲ್ಲಿ ಇಂಗ್ಲೆಂಡಿನ ಪೀಟರ್ ಬಾರ್ಲೋ ತನ್ನ ಪುಸ್ತಕದಲ್ಲಿ, ಆಯ್ಲರನ ಸಂಖ್ಯೆಯಿಂದ ಬರುವ ಪರಿಪೂರ್ಣ ಸಂಖ್ಯೆಗಿಂತ ದೊಡ್ಡದನ್ನು ಯಾರೂ ಎಂದಿಗೂ ಕಂಡುಹಿಡಿಯಲಾರರು ಎಂದು ಬರೆದ. ಕಾರಣವನ್ನೂ ಕೊಟ್ಟ: ಇವು ಬರೀ ಕುತೂಹಲದ ವಸ್ತುಗಳು, ಉಪಯೋಗವಿಲ್ಲ, ಯಾರು ತಾನೇ ಅಷ್ಟು ಶ್ರಮ ಪಟ್ಟಾರು? ಬಾರ್ಲೋ ಹೇಳಿದ್ದರಲ್ಲಿ ಒಂದು ಹುರುಳಿತ್ತು. ಭಾಗಿಸಿ ನೋಡುವ ದಾರಿ ಆಯ್ಲರನ ಕೈಯಲ್ಲಿ ಅದರ ಕೊನೆಯನ್ನು ಮುಟ್ಟಿತ್ತು. 1867ರಲ್ಲಿ ಫ್ರಾನ್ಸಿನ ಲಾಂದ್ರಿ ಬಹಳ ಬೆವರು ಸುರಿಸಿ ಹದಿಮೂರು ಅಂಕಿಯ ಒಂದು ಅವಿಭಾಜ್ಯವನ್ನು ತಲುಪಿದ. ಅದಾಗಿ ಒಂಬತ್ತೇ ವರ್ಷಕ್ಕೆ ದಾಖಲೆ ಮೂವತ್ತೊಂಬತ್ತು ಅಂಕಿಗೆ ಹಾರಿತು. ಇಂಥ ಜಿಗಿತ ಶ್ರಮದಿಂದ ಬರುವುದಿಲ್ಲ, ಹೊಸ ವಿಚಾರದಿಂದ ಬರುತ್ತದೆ.

ಎದುವಾರ್ ಲೂಕಾ ಹುಟ್ಟಿದ್ದು 1842ರಲ್ಲಿ, ಉತ್ತರ ಫ್ರಾನ್ಸಿನ ಅಮಿಯಾಂ ಊರಿನಲ್ಲಿ. ಮೊದಲು ಪ್ಯಾರಿಸ್ಸಿನ ಖಗೋಳ ವೀಕ್ಷಣಾಲಯದಲ್ಲಿ ಕೆಲಸ, 1870ರ ಯುದ್ಧದಲ್ಲಿ ಫಿರಂಗಿ ದಳದ ಅಧಿಕಾರಿ, ಯುದ್ಧ ಸೋತ ಮೇಲೆ ಮೂಲಾಂ ಎಂಬ ಊರಿನ ಶಾಲೆಯಲ್ಲಿ ಗಣಿತದ ಮೇಷ್ಟ್ರು. ಆಟಗಳೆಂದರೆ ಅವನಿಗೆ ಪ್ರಾಣ. ಮೂರು ಕಂಬ, ಒಂದರ ಮೇಲೊಂದು ಪೇರಿಸಿದ ಬಿಲ್ಲೆಗಳು, ದೊಡ್ಡದನ್ನು ಚಿಕ್ಕದರ ಮೇಲೆ ಇಡುವಂತಿಲ್ಲ ಎಂಬ ಹನಾಯ್ ಗೋಪುರದ ಆಟ ನಮ್ಮ ಮಕ್ಕಳಿಗೂ ಗೊತ್ತು; 1883ರಲ್ಲಿ ಬೇರೆ ಹೆಸರಿಟ್ಟುಕೊಂಡು ಅದನ್ನು ಹೊರತಂದವನು ಲೂಕಾ. ಕಾಶಿಯ ದೇವಸ್ಥಾನದಲ್ಲಿ ಬ್ರಹ್ಮ ಇರಿಸಿದ ಅರವತ್ತನಾಲ್ಕು ಚಿನ್ನದ ಬಿಲ್ಲೆಗಳಿವೆ, ಪೂಜಾರಿಗಳು ಅವನ್ನು ಹಗಲೂ ರಾತ್ರಿ ಸಾಗಿಸುತ್ತಿದ್ದಾರೆ, ಮುಗಿದ ದಿನ ಪ್ರಳಯ ಎಂಬ ಕಥೆ ಆ ಆಟದ ಜೊತೆಗೇ ಯುರೋಪಿನಲ್ಲಿ ಹಬ್ಬಿತು. ಕಾಶಿಯಲ್ಲಿ ಅಂಥದ್ದೇನೂ ಇಲ್ಲ. ಆದರೆ 64 ಬಿಲ್ಲೆಗೆ ಬೇಕಾದ ನಡೆಗಳ ಸಂಖ್ಯೆ 2⁶⁴ − 1. ಆಟದಲ್ಲೂ ಅವನು ಇದೇ ಕುಲದ ಸಂಖ್ಯೆಗಳ ನೆರಳಿನಲ್ಲೇ ಇದ್ದ.

ಅವನಿಗೆ ದಾರಿ ತೋರಿದ್ದು 1, 1, 2, 3, 5, 8, 13, 21 ಎಂದು, ಹಿಂದಿನ ಎರಡನ್ನು ಕೂಡಿಸುತ್ತಾ ಬೆಳೆಯುವ ಸಾಲು. ಅದಕ್ಕೆ ಫಿಬೊನಾಚಿಯ ಹೆಸರು ಊರ್ಜಿತವಾದದ್ದೂ ಲೂಕಾನಿಂದಲೇ. ಛಂದಸ್ಸು ಓದಿದ ಕನ್ನಡಿಗರಿಗೆ ಈ ಸಾಲು ಬೇರೆ ವೇಷದಲ್ಲಿ ಗೊತ್ತು: ಲಘು ಗುರುಗಳಿಂದ ಮೂರು ಮಾತ್ರೆಯ ಗಣವನ್ನು ಮೂರು ಬಗೆಯಲ್ಲಿ, ನಾಲ್ಕು ಮಾತ್ರೆಯದನ್ನು ಐದು ಬಗೆಯಲ್ಲಿ, ಐದು ಮಾತ್ರೆಯದನ್ನು ಎಂಟು ಬಗೆಯಲ್ಲಿ ಕಟ್ಟಬಹುದು. ಹೇಮಚಂದ್ರನಂಥ ಛಂದಶ್ಶಾಸ್ತ್ರಜ್ಞರು ಇದನ್ನು ಫಿಬೊನಾಚಿಗಿಂತ ಮೊದಲೇ ಬರೆದಿಟ್ಟಿದ್ದರು.

ಲೂಕಾ ಗಮನಿಸಿದ್ದು ಇದು. 3ರಿಂದ ಇಲ್ಲವೇ 7ರಿಂದ ಕೊನೆಗೊಳ್ಳುವ ಅವಿಭಾಜ್ಯವನ್ನು ತೆಗೆದುಕೊಳ್ಳಿ. ಅದಕ್ಕೆ ಒಂದು ಕೂಡಿಸಿ. ಈ ಸಾಲಿನಲ್ಲಿ ಅಷ್ಟನೆಯ ಸ್ಥಾನದಲ್ಲಿರುವ ಪದವನ್ನು ಆ ಅವಿಭಾಜ್ಯ ಭಾಗಿಸಿಯೇ ತೀರುತ್ತದೆ. 7ಕ್ಕೆ ಎಂಟನೆಯ ಪದ 21; 13ಕ್ಕೆ ಹದಿನಾಲ್ಕನೆಯ ಪದ 377, ಅಂದರೆ 13 × 29. 2¹²⁷ − 1 ಕೊನೆಗೊಳ್ಳುವುದು 7ರಲ್ಲಿ. ಅದಕ್ಕೆ ಒಂದು ಕೂಡಿಸಿದರೆ ಶುದ್ಧ 2¹²⁷. ಎಲ್ಲ ಗುಟ್ಟೂ ಇಲ್ಲಿದೆ. ಆ ಸಂಖ್ಯೆಯನ್ನು ಒಡೆಯುವ ಚಿಕ್ಕ ಅವಿಭಾಜ್ಯಗಳೇನಾದರೂ ಇದ್ದರೆ ಅವೆಲ್ಲ ಸಾಲಿನಲ್ಲಿ ಬಹಳ ಮೊದಲೇ ತಲೆಹಾಕುತ್ತವೆ, ಅವುಗಳ ಜೊತೆ ಸಂಖ್ಯೆಯೂ ಬೇಗನೆ ಬಂದುಬಿಡಬೇಕು. ಅದು 2¹²⁷ನೇ ಸ್ಥಾನದಲ್ಲಿ ಇದ್ದು, ಅದಕ್ಕೆ ಅರ್ಧದ 2¹²⁶ನೇ ಸ್ಥಾನದಲ್ಲಿ ಇಲ್ಲ ಎಂದು ತೋರಿಸಿದರೆ ಸಾಕು: ಒಡೆಯುವವರು ಯಾರೂ ಇಲ್ಲ, ಸಂಖ್ಯೆ ಅವಿಭಾಜ್ಯ.

ಆದರೆ 2¹²⁷ನೇ ಪದದವರೆಗೆ ಸಾಲನ್ನು ಬರೆಯುವವರು ಯಾರು? ಬರೆಯಬೇಕಿಲ್ಲ. ಇದರ ಪಕ್ಕದಲ್ಲೇ ಇರುವ 1, 3, 4, 7, 11, 18, 29, 47 ಎಂಬ ಸಾಲಿನಲ್ಲಿ ಎರಡನೆಯ ಪದ 3, ನಾಲ್ಕನೆಯದು 7, ಎಂಟನೆಯದು 47. ಮೂರರ ವರ್ಗದಿಂದ ಎರಡು ಕಳೆದರೆ ಏಳು. ಏಳರ ವರ್ಗದಿಂದ ಎರಡು ಕಳೆದರೆ ನಲವತ್ತೇಳು. ಪ್ರತಿ ವರ್ಗಕ್ಕೂ ಸ್ಥಾನ ಇಮ್ಮಡಿಯಾಗುತ್ತದೆ. 125 ಸಲ ವರ್ಗ ಮಾಡಿ, ಪ್ರತಿ ಸಲ ಎರಡು ಕಳೆದು, ಪರೀಕ್ಷಿಸುತ್ತಿರುವ ಸಂಖ್ಯೆಯಿಂದ ಭಾಗಿಸಿ ಬಂದ ಶೇಷವನ್ನಷ್ಟೇ ಉಳಿಸಿಕೊಳ್ಳುತ್ತಾ ಹೋದರೆ ಆಯಿತು. ಕೊನೆಗೆ ಸೊನ್ನೆ ಬಂದರೆ ಅವಿಭಾಜ್ಯ.

ಚಿಕ್ಕ ಸಂಖ್ಯೆಯಲ್ಲಿ ಇದನ್ನು ಯಾರು ಬೇಕಾದರೂ ಮಾಡಿ ನೋಡಬಹುದು, ಮಾಡಿಯೇ ನೋಡಬೇಕು. 127ನ್ನು, ಅಂದರೆ 2⁷ − 1ನ್ನು, ತೆಗೆದುಕೊಳ್ಳೋಣ. 3, 7, 47. ಮುಂದಿನದು 2207, 127ರಿಂದ ಭಾಗಿಸಿದರೆ ಶೇಷ 48. ಅದರ ವರ್ಗದಿಂದ ಎರಡು ಕಳೆದರೆ 2302, ಶೇಷ 16. ಅದರ ವರ್ಗದಿಂದ ಎರಡು ಕಳೆದರೆ 254. ಅದು 127ರ ಎರಡರಷ್ಟು, ಶೇಷ ಸೊನ್ನೆ. ಐದು ಹೆಜ್ಜೆಯಲ್ಲಿ 127 ಅವಿಭಾಜ್ಯ ಎಂದು ತಿಳಿಯಿತು, ಮೂರರಿಂದಾಗಲಿ ಐದರಿಂದಾಗಲಿ ಏಳರಿಂದಾಗಲಿ ಅದನ್ನು ಭಾಗಿಸಿ ನೋಡದೆಯೇ.

ಈಗ 2047. ಮತ್ತೆ 3, 7, 47. ಆಮೇಲೆ 160, 1034, 620, 1609, 1471, ಮತ್ತು ಪುನಃ 160. ಸುತ್ತು ಹೊಡೆಯಿತು. ಇನ್ನು ಎಷ್ಟು ಹೆಜ್ಜೆ ಇಟ್ಟರೂ ಇವೇ ಐದು ಸಂಖ್ಯೆಗಳು ತಿರುತಿರುಗಿ ಬರುತ್ತವೆ, ಸೊನ್ನೆ ಎಂದಿಗೂ ಬರುವುದಿಲ್ಲ. ಆದ್ದರಿಂದ 2047 ಅವಿಭಾಜ್ಯವಲ್ಲ. ಇಲ್ಲಿ 23 ಎಂಬ ಮಾತು ಬರಲಿಲ್ಲ, 89 ಎಂಬ ಮಾತೂ ಬರಲಿಲ್ಲ. ಬೀಗ ಹಾಕಿದ ಮನೆಯೊಳಗೆ ಜನ ಇದ್ದಾರೆ ಎಂದು ಬೀದಿಯಲ್ಲಿ ನಿಂತೇ ಖಚಿತವಾದಂತೆ. ಯಾರು, ಎಷ್ಟು ಮಂದಿ ಎಂದು ಮಾತ್ರ ಗೊತ್ತಿಲ್ಲ. ಸಂಖ್ಯೆ ಒಡೆಯುತ್ತದೆ ಎಂದು ತಿಳಿಯುವುದು ಬೇರೆ, ಒಡೆದ ತುಂಡುಗಳನ್ನು ತಿಳಿಯುವುದು ಬೇರೆ. ಯೂಕ್ಲಿಡ್‌ನಿಂದ ಆಯ್ಲರನವರೆಗೆ ಈ ಎರಡೂ ಒಂದೇ ಕೆಲಸವಾಗಿತ್ತು. ಅವನ್ನು ಬೇರ್ಪಡಿಸಿದ್ದು ಲೂಕಾ. ಸಂಖ್ಯಾಸಿದ್ಧಾಂತದ ಇತಿಹಾಸದಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ಘಟ್ಟ ಇನ್ನೊಂದಿಲ್ಲ.

125 ಸಲ ವರ್ಗ ಮಾಡುವುದೇನೋ ಸರಿ. ಆದರೆ ವರ್ಗ ಮಾಡಬೇಕಾದ್ದು ಮೂವತ್ತೊಂಬತ್ತು ಅಂಕಿಗಳವರೆಗಿನ ಸಂಖ್ಯೆಗಳನ್ನು. ಎಪ್ಪತ್ತೆಂಟು ಅಂಕಿಯ ಫಲವನ್ನು ಪ್ರತಿ ಸಲವೂ ಭಾಗಿಸಬೇಕು. ಎಲ್ಲಾದರೂ ಒಂದು ಅಂಕಿ ತಪ್ಪಿದರೆ ಮುಂದಿನದೆಲ್ಲ ವ್ಯರ್ಥ. ಇದಕ್ಕೆ ಲೂಕಾ ವಿವರಿಸಿದ ಉಪಾಯ ಆಟಗಾರನದೇ. ಉದ್ದ 127 ಮನೆ, ಅಗಲ 127 ಮನೆಯ ಚದುರಂಗದ ಹಾಸು. ಸಂಖ್ಯೆಯನ್ನು ಒಂದು ಸೊನ್ನೆಗಳ ದ್ವಿಮಾನ ಪದ್ಧತಿಯಲ್ಲಿ ಬರೆಯಬೇಕು: ಒಂದಿದ್ದರೆ ಮನೆಯಲ್ಲಿ ಪದಾತಿ, ಸೊನ್ನೆಯಿದ್ದರೆ ಖಾಲಿ. ಬಲತುದಿಯ ಮನೆಯ ಬೆಲೆ ಒಂದು, ಅದರ ಎಡಕ್ಕೆ ಎರಡು, ಆಮೇಲೆ ನಾಲ್ಕು, ಎಂಟು. ಗುಣಾಕಾರವೆಂದರೆ ಪದಾತಿಗಳ ಸಾಲನ್ನು ಎಡಕ್ಕೆ ಸರಿಸಿ ಸರಿಸಿ ಒಂದರ ಕೆಳಗೊಂದು ಇಡುವುದು. ಕೂಡುವುದೆಂದರೆ ಒಂದೇ ಕಂಬಸಾಲಿನ ಎರಡು ಪದಾತಿಗಳನ್ನು ತೆಗೆದು ಎಡಪಕ್ಕದ ಸಾಲಿನಲ್ಲಿ ಒಂದನ್ನು ಇಡುವುದು. ಭಾಗಾಕಾರವಂತೂ ಮಾಡುವಂತೆಯೇ ಇಲ್ಲ. ಎಡ ಅಂಚಿನಿಂದ ಹೊರಗೆ ಬಿದ್ದ ಪದಾತಿ ಅದೇ ಸಾಲಿನ ಬಲ ತುದಿಯಿಂದ ಒಳಗೆ ಬರುತ್ತದೆ, ಅಷ್ಟೇ. 2¹²⁷ − 1ರಿಂದ ಭಾಗಿಸುವಾಗ 2¹²⁷ನ್ನು ಒಂದು ಎಂದೇ ಲೆಕ್ಕ ಹಿಡಿಯಬಹುದು. ಹೊರಹೋದದ್ದು ಹಾಗೆಯೇ ಸುತ್ತಿ ಬರುತ್ತದೆ.

ನಮ್ಮ 127ರ ಲೆಕ್ಕದ ಕೊನೆಯ ಹೆಜ್ಜೆಯನ್ನು ಈ ಹಾಸಿನ ಮೇಲೆ ಆಡಿ ನೋಡಿ. ಸಾಲಿನಲ್ಲಿ ಏಳೇ ಮನೆ. 16 ಎಂದರೆ ಐದನೆಯ ಮನೆಯಲ್ಲಿ ಒಂಟಿ ಪದಾತಿ. ಅದರ ವರ್ಗ 256, ಅದು ಒಂಬತ್ತನೆಯ ಮನೆಯಲ್ಲಿ ಇರಬೇಕಾದ್ದು. ಏಳು ದಾಟಿದ್ದರಿಂದ ಸುತ್ತಿ ಬಂದು ಎರಡನೆಯ ಮನೆಯಲ್ಲಿ ಕೂರುತ್ತದೆ. ಆ ಮನೆಯ ಬೆಲೆ ಎರಡು. ಅದರಿಂದ ಎರಡು ಕಳೆಯಬೇಕು, ಆ ಪದಾತಿಯನ್ನೂ ಎತ್ತಿಬಿಡಿ. ಹಾಸು ಖಾಲಿ. ಹಾಸು ಖಾಲಿಯಾದರೆ ಸಂಖ್ಯೆ ಅವಿಭಾಜ್ಯ.

ಇಂದಿನ ಯಾವುದೇ ಕಂಪ್ಯೂಟರ್ ಈ ಲೆಕ್ಕವನ್ನು ಒಂದು ಸೊನ್ನೆಗಳಲ್ಲಿ, ಹೀಗೆಯೇ ಸುತ್ತಿ ತಂದು ಮಾಡುತ್ತದೆ. ಲೂಕಾ ಅದನ್ನು ಕಾಯಿಗಳಿಂದ ಯೋಚಿಸಿದ್ದು ವಿದ್ಯುನ್ಮಾನ ಕಂಪ್ಯೂಟರ್ ಹುಟ್ಟುವ ಏಳು ದಶಕಗಳ ಮುಂಚೆ. 1876ರ ಆರಂಭದಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ವರದಿಯಲ್ಲಿ ಅವನ ಫಲಿತಾಂಶ ಅಚ್ಚಾಯಿತು. ಅದೇ ವರ್ಷ ಇನ್ನೊಂದು ವಿಷಯವನ್ನೂ ಹೇಳಿದ: ಮೆರ್ಸೆನ್ ಪಟ್ಟಿಯ 67 ತಪ್ಪು. 2⁶⁷ − 1 ಒಡೆಯುತ್ತದೆ. ತುಂಡುಗಳು ಯಾವುವು ಎಂದು ಅವನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಅವನು ಬಹಳ ಕಾಲ ಬದುಕಲಿಲ್ಲ. 1891ರಲ್ಲಿ ಮಾರ್ಸೇ ನಗರದಲ್ಲಿ ನಡೆದ ವಿಜ್ಞಾನ ಸಮಾವೇಶದ ಔತಣದಲ್ಲಿ ಬಡಿಸುವವನ ಕೈಯಿಂದ ತಟ್ಟೆಗಳು ಜಾರಿ ಬಿದ್ದವು. ಸಿಡಿದ ಒಂದು ಚೂರು ಲೂಕಾನ ಕೆನ್ನೆ ಕೊಯ್ದಿತು. ಗಾಯಕ್ಕೆ ನಂಜು ಏರಿ, ಕೆಲವೇ ದಿನಗಳಲ್ಲಿ, ಅಕ್ಟೋಬರ್ 3ರಂದು ತೀರಿಕೊಂಡ. ಆಗ ಅವನಿಗೆ ನಲವತ್ತೊಂಬತ್ತು ವರ್ಷ.

ಪಟ್ಟಿಯ ಉಳಿದ ತಪ್ಪುಗಳು ಒಂದೊಂದಾಗಿ ಹೊರಬಿದ್ದದ್ದು ಲೂಕಾ ತೆರೆದ ದಾರಿಯಲ್ಲೇ. ಉರಲ್ ಪರ್ವತ ಸೀಮೆಯ ಹಳ್ಳಿಯ ಪಾದ್ರಿ ಇವಾನ್ ಪೆರ್ವೂಶಿನ್ 1883ರಲ್ಲಿ 61ನೇ ಘಾತ ಅವಿಭಾಜ್ಯ ಕೊಡುತ್ತದೆ ಎಂದು ತೋರಿಸಿದ. ಮೆರ್ಸೆನ್ ಅದನ್ನು ಬಿಟ್ಟಿದ್ದ. ಅಮೆರಿಕದ ಡೆನ್ವರ್‌ನಲ್ಲಿ ರೈಲ್ವೆ ನೌಕರರಾಗಿದ್ದ ಪವರ್ಸ್ ಎಂಬವರು 1911ರಲ್ಲಿ 89ನ್ನೂ 1914ರಲ್ಲಿ 107ನ್ನೂ ಸೇರಿಸಿದರು. ಅದೇ 1914ರಲ್ಲಿ ಫ್ರಾನ್ಸಿನ ಫೋಕಾಂಬೆರ್ಗ್ 127ರ ಲೆಕ್ಕವನ್ನು ಮತ್ತೆ ಮಾಡಿ ಲೂಕಾ ಹೇಳಿದ್ದು ಸರಿ ಎಂದು ದೃಢಪಡಿಸಿದರು. ಪಾದ್ರಿ, ರೈಲ್ವೆ ನೌಕರ, ಶಾಲಾ ಮೇಷ್ಟ್ರು: ಈ ಕೆಲಸವನ್ನು ಮುಂದೊಯ್ದ ಹಲವರು ಸಂಬಳ ಪಡೆಯುತ್ತಿದ್ದದ್ದು ಬೇರೆ ಕಸುಬಿನಿಂದ.

ಇವರೆಲ್ಲರಿಗಿಂತ ಪ್ರಸಿದ್ಧವಾದದ್ದು ಫ್ರಾಂಕ್ ನೆಲ್ಸನ್ ಕೋಲ್ ಅವರ ಕಥೆ. 1903ರ ಅಕ್ಟೋಬರ್ 31ರಂದು ನ್ಯೂಯಾರ್ಕ್‌ನಲ್ಲಿ ಅಮೆರಿಕನ್ ಗಣಿತ ಸಂಘದ ಸಭೆ. ಗಣಿತ ಲೇಖಕ ಎರಿಕ್ ಟೆಂಪಲ್ ಬೆಲ್ ಮುಂದೆ ಬರೆದಂತೆ, ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕೋಲ್ ಮಾತಿಲ್ಲದೆ ಕಪ್ಪುಹಲಗೆಯ ಬಳಿ ಹೋಗಿ 2⁶⁷ − 1ರ ಬೆಲೆ ಕಟ್ಟಿದರು: 147573952589676412927. ಹಲಗೆಯ ಖಾಲಿ ಜಾಗದಲ್ಲಿ 193707721ನ್ನು 761838257287ರಿಂದ ಉದ್ದಕ್ಕೂ ಗುಣಿಸಿದರು. ಎರಡೂ ಒಂದೇ. ಹೋಗಿ ಕುಳಿತರು, ಸಭೆ ಚಪ್ಪಾಳೆ ಹೊಡೆಯಿತು. ಇದಕ್ಕೆ ಎಷ್ಟು ಕಾಲ ಹಿಡಿಯಿತು ಎಂದು ಬೆಲ್ ಮುಂದೊಮ್ಮೆ ಕೇಳಿದಾಗ, ಮೂರು ವರ್ಷದ ಭಾನುವಾರಗಳು ಎಂಬ ಉತ್ತರ ಬಂತಂತೆ. ಫರ್ಮಾನ ನಿಯಮ ಇಲ್ಲೂ ಸುಳ್ಳಾಗಿಲ್ಲ: 193707720 ಎಂದರೆ 134 × 1445580. ಕೋಲ್ ಮೆರ್ಸೆನ್‌ನ ತಪ್ಪನ್ನು ಕಂಡುಹಿಡಿದರು ಎಂದು ಈ ಕಥೆ ಹೇಳುವವರು ಸೇರಿಸುವುದುಂಟು. ಅದು ಲೂಕಾನಿಗೆ ಮಾಡುವ ಅನ್ಯಾಯ. ತಪ್ಪು ಗೊತ್ತಾಗಿ ಆಗ ಇಪ್ಪತ್ತೇಳು ವರ್ಷವಾಗಿತ್ತು. ಕೋಲ್ ಬೀಗ ಮುರಿದು ಒಳಗಿದ್ದವರನ್ನು ಹೊರತಂದರು, ಅದರ ಕಷ್ಟ ಕಡಿಮೆಯದಲ್ಲ. ಒಳಗೆ ಜನರಿದ್ದಾರೆ ಎಂದು ಹೇಳಿದವನು ಮಾತ್ರ ಬೇರೆ.

ಲೂಕಾನ ಬರಹಗಳಲ್ಲಿ ವಿಚಾರಗಳು ಮಿಂಚುತ್ತಿದ್ದವು, ಸಾಧನೆಗಳಲ್ಲಿ ಸಂದುಗಳಿದ್ದವು. ಅವನ್ನು ತುಂಬಿ, ಪರೀಕ್ಷೆಗೆ ಇಂದಿನ ರೂಪ ಕೊಟ್ಟವರು ಅಮೆರಿಕದ ಡೆರಿಕ್ ಹೆನ್ರಿ ಲೇಮರ್, 1930ರಲ್ಲಿ. 3ರ ಬದಲು 4ರಿಂದ ಶುರು ಮಾಡಿದರೆ ಎಲ್ಲ ಬೆಸ ಅವಿಭಾಜ್ಯ ಘಾತಗಳಿಗೂ ಅದೇ ಒಂದು ಪರೀಕ್ಷೆ ಸಾಕಾಯಿತು. 257ನೇ ಘಾತವನ್ನು ಲೇಮರ್ ಮೇಜಿನ ಮೇಲಿನ ಲೆಕ್ಕಯಂತ್ರದಲ್ಲಿ ನೂರಾರು ಗಂಟೆ ದುಡಿದು ತೀರ್ಮಾನಿಸಿದ್ದರು: ಅವಿಭಾಜ್ಯವಲ್ಲ. ಪಟ್ಟಿಯ ಕೊನೆಯ ಬಾಕಿಗಳನ್ನು ಯೇಲ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹೊರೇಸ್ ಊಲರ್ ತೀರಿಸಿದಾಗ 1947. ಸನ್ಯಾಸಿ ಸೇರಿಸಿದ್ದರಲ್ಲಿ ಎರಡು ತಪ್ಪು, ಬಿಟ್ಟದ್ದರಲ್ಲಿ ಮೂರು ತಪ್ಪು. 127 ಮಾತ್ರ ಗಟ್ಟಿಯಾಗಿ ನಿಂತಿತ್ತು.

ಅದನ್ನು ಪಟ್ಟದಿಂದ ಇಳಿಸಿದವರು 1951ರಲ್ಲಿ ಬಂದರು. ಫ್ರಾನ್ಸಿನ ಫೆರಿಯೇ ಮೇಜಿನ ಲೆಕ್ಕಯಂತ್ರದಿಂದ ನಲವತ್ತನಾಲ್ಕು ಅಂಕಿಯ ಅವಿಭಾಜ್ಯ ಪಡೆದರು. ಅದೇ ವರ್ಷ ಕೇಂಬ್ರಿಡ್ಜ್‌ನ ಎಡ್ಸ್ಯಾಕ್ ಕಂಪ್ಯೂಟರಿನಲ್ಲಿ ಮಿಲ್ಲರ್ ಮತ್ತು ವೀಲರ್ ಎಪ್ಪತ್ತೊಂಬತ್ತು ಅಂಕಿಯದನ್ನು ಹಿಡಿದರು. ಅವರು ಆರಿಸಿಕೊಂಡ ಸಂಖ್ಯೆಯ ರೂಪ ಗಮನಾರ್ಹ: 2¹²⁷ − 1ರ ವರ್ಗವನ್ನು 180ರಿಂದ ಗುಣಿಸಿ ಒಂದು ಕೂಡಿಸಿದ್ದು. ಒಂದು ಕಳೆದಾಗ ಸಿಗುವ ಸಂಖ್ಯೆಯ ಅಪವರ್ತನಗಳೆಲ್ಲ ಗೊತ್ತಿದ್ದರೆ ಅವಿಭಾಜ್ಯತೆ ಸಾಧಿಸುವುದು ಸುಲಭ. ಗೊತ್ತಿರುವ ಅತಿ ದೊಡ್ಡ ಅಪವರ್ತನ ಲೂಕಾನದೇ ಆಗಿತ್ತು. ಹಳೆಯ ದೊರೆಯ ಹೆಗಲ ಮೇಲೆಯೇ ಹೊಸಬ ಕುಳಿತ.

ಮರುವರ್ಷ, 1952ರ ಜನವರಿ 30ರಂದು, ಲಾಸ್ ಏಂಜಲೀಸ್‌ನ ಸ್ವ್ಯಾಕ್ ಎಂಬ ಯಂತ್ರದಲ್ಲಿ ಲೂಕಾ–ಲೇಮರ್ ಪರೀಕ್ಷೆ ಮೊದಲ ಬಾರಿಗೆ ಹೊಸ ಅವಿಭಾಜ್ಯ ಕೊಟ್ಟಿತು. ಪ್ರೋಗ್ರಾಂ ಬರೆದವರು ಬರ್ಕ್ಲಿಯ ರಾಫೆಲ್ ರಾಬಿನ್ಸನ್. ಅವರು ಆ ಯಂತ್ರವನ್ನು ನೋಡಿರಲಿಲ್ಲ. ಕೈಪಿಡಿ ಓದಿ, ಅದರ 256 ಪದಗಳ ಪುಟ್ಟ ಸ್ಮೃತಿಯಲ್ಲಿ ಹಿಡಿಸುವಂತೆ ಬರೆದು ಅಂಚೆಯಲ್ಲಿ ಕಳಿಸಿದ್ದರು. ಮೊದಲ ಸಲಕ್ಕೇ ಓಡಿತು. ಲೇಮರ್ ನೂರಾರು ಗಂಟೆ ಕಳೆದಿದ್ದ 257ನೇ ಘಾತವನ್ನು ಯಂತ್ರ ಒಂದು ನಿಮಿಷದೊಳಗೆ ಮುಗಿಸಿತು, ಲೇಮರ್ ಹೇಳಿದ್ದೇ ಸರಿ ಎಂದಿತು. ಅದೇ ರಾತ್ರಿ 521 ಮತ್ತು 607 ಎರಡು ಘಾತಗಳಿಗೂ ಸೊನ್ನೆ ಬಂತು. ಒಂದಕ್ಕೆ 157 ಅಂಕಿ, ಇನ್ನೊಂದಕ್ಕೆ 183.

ಮುಂದಿನದು ವೇಗದ ಕಥೆ, ಅದನ್ನು ಬೇಗ ದಾಟಬಹುದು. 1978ರಲ್ಲಿ ಕ್ಯಾಲಿಫೋರ್ನಿಯಾದ ಲಾರಾ ನಿಕಲ್ ಮತ್ತು ಕರ್ಟ್ ನೋಲ್ ಎಂಬ ಹದಿನೆಂಟರ ವಿದ್ಯಾರ್ಥಿಗಳು 21701ನೇ ಘಾತವನ್ನು ಗೆದ್ದರು. 1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಸಾವಿರಾರು ಸ್ವಯಂಸೇವಕರ ಕಂಪ್ಯೂಟರುಗಳನ್ನು ಒಂದೇ ಹುಡುಕಾಟಕ್ಕೆ ಹೂಡಿದರು. 2024ರ ಅಕ್ಟೋಬರಿನಲ್ಲಿ ಲ್ಯೂಕ್ ಡುರಾಂಟ್ ಅವರ ಯತ್ನದಿಂದ 136279841ನೇ ಘಾತ ಸಿಕ್ಕಿತು. ಅದರಲ್ಲಿ 41024320 ಅಂಕಿಗಳಿವೆ. ಪುಟಕ್ಕೆ ಎರಡು ಸಾವಿರದಂತೆ ಅಚ್ಚು ಹಾಕಿದರೆ ಇಪ್ಪತ್ತು ಸಾವಿರ ಪುಟ ದಾಟುತ್ತದೆ. ಚಿತ್ರಗಳಿಗಾಗಿ ರೂಪುಗೊಂಡ ಗ್ರಾಫಿಕ್ಸ್ ಚಿಪ್‌ಗಳು ಅದನ್ನು ಹಿಡಿದವು. ಕೊನೆಯ ಖಾತರಿಗೆ ಮಾತ್ರ ಲೂಕಾ–ಲೇಮರ್ ಪರೀಕ್ಷೆಯೇ ಬೇಕಾಯಿತು.

ಈ ಪರೀಕ್ಷೆಗೆ ಒಂದು ಕಟ್ಟು ಇದೆ: ಎರಡರ ಘಾತದ ಪಕ್ಕದಲ್ಲೇ ಇರುವ ಸಂಖ್ಯೆಗಳಿಗಷ್ಟೇ ಅದು ಇಷ್ಟು ಸಲೀಸು. ಯಾವ ಸಂಖ್ಯೆಯನ್ನೇ ಕೊಟ್ಟರೂ ಅದರ ಅಂಕಿಗಳ ಎಣಿಕೆಗೆ ಹೋಲಿಸಿದರೆ ಹಿಡಿತದಲ್ಲೇ ಇರುವ ಸಮಯದಲ್ಲಿ, ಯಾವ ಊಹೆಯನ್ನೂ ಆಧರಿಸದೆ, ಖಚಿತ ಉತ್ತರ ಕೊಡುವ ವಿಧಾನ ಇದೆ ಎಂದು ಸಾಧಿಸಿದವರು ಭಾರತದವರು. 2002ರಲ್ಲಿ ಕಾನ್ಪುರದ ಐಐಟಿಯಲ್ಲಿ ಮಣೀಂದ್ರ ಅಗರವಾಲ್ ಮತ್ತು ಅವರ ವಿದ್ಯಾರ್ಥಿಗಳಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅದನ್ನು ಕಂಡರು. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಸೇರಿದರು. ತುಂಡುಗಳನ್ನು ಹುಡುಕುವ ಕೆಲಸಕ್ಕೆ ಅಂಥ ವೇಗದ ವಿಧಾನ ಸಾಮಾನ್ಯ ಕಂಪ್ಯೂಟರುಗಳಿಗೆ ಇನ್ನೂ ಸಿಕ್ಕಿಲ್ಲ. ಲೂಕಾ ಬೇರ್ಪಡಿಸಿದ ಆ ಎರಡು ಕೆಲಸಗಳ ನಡುವಿನ ಕಂದರದ ಮೇಲೆಯೇ ಇಂದು ಬಳಕೆಯಲ್ಲಿರುವ ಆರ್‌ಎಸ್‌ಎ ಗೂಢಲಿಪಿ ನಿಂತಿದೆ: ದೊಡ್ಡ ಅವಿಭಾಜ್ಯಗಳನ್ನು ಪಡೆಯುವುದು ಸುಲಭ, ಅವುಗಳ ಗುಣಲಬ್ಧವನ್ನು ಒಡೆಯುವುದು ಕಷ್ಟ. ಬಾರ್ಲೋ ಉಪಯೋಗವಿಲ್ಲ ಎಂದ ಕುಲದ ಸಂಖ್ಯೆಗಳಿಗೂ ನೇರವಾದ ಕೆಲಸ ಸಿಕ್ಕಿದೆ. 1952ರ ಆ ರಾತ್ರಿ ಸಿಕ್ಕ 2⁵²¹ − 1 ಇಂದು ಅಮೆರಿಕದ ಮಾನಕ ಸಂಸ್ಥೆ ಒಪ್ಪಿದ ಒಂದು ಗೂಢಲಿಪಿ ವಕ್ರರೇಖೆಯ ತಳಹದಿ. ಲೂಕಾನ 2¹²⁷ − 1ರ ಮೇಲೆ ಫೋರ್‌ಕ್ಯೂ ಎಂಬ ವೇಗದ ವಕ್ರರೇಖೆಯನ್ನು 2015ರಲ್ಲಿ ಕಟ್ಟಿದ್ದಾರೆ. ಕಾರಣ ಆ ಚದುರಂಗದ ಹಾಸಿನದೇ: ಹೊರಬಿದ್ದದ್ದು ಸುತ್ತಿ ಬರುವುದರಿಂದ ಭಾಗಾಕಾರ ಬೇಕಿಲ್ಲ.

ಒಂದು ಪ್ರಶ್ನೆ 1876ರಿಂದ ಹಾಗೆಯೇ ನಿಂತಿದೆ. ಲೂಕಾನ ಫಲಿತಾಂಶ ನೋಡಿದ ಬೆಲ್ಜಿಯಂನ ಗಣಿತಜ್ಞ ಕಟಲಾನ್ ಒಂದು ಸರಪಳಿಯನ್ನು ಎತ್ತಿ ತೋರಿಸಿದ. 2ನ್ನು ಘಾತವಾಗಿಟ್ಟರೆ 3 ಬರುತ್ತದೆ. 3ನ್ನು ಘಾತವಾಗಿಟ್ಟರೆ 7. 7ನ್ನು ಇಟ್ಟರೆ 127. 127ನ್ನು ಇಟ್ಟರೆ ಈ ಮೂವತ್ತೊಂಬತ್ತು ಅಂಕಿಯ ಸಂಖ್ಯೆ. ಎಲ್ಲವೂ ಅವಿಭಾಜ್ಯ. ಇದನ್ನೇ ಮತ್ತೆ ಘಾತವಾಗಿಟ್ಟರೆ? ಆ ಸಂಖ್ಯೆಯ ಅಂಕಿಗಳ ಎಣಿಕೆಯೇ ಮೂವತ್ತೆಂಟು ಅಂಕಿಯದು. ಅದನ್ನು ಬರೆದಿಡಲು ಯಾವ ಸ್ಮೃತಿಯೂ ಸಾಲದು, ಲೂಕಾನ ಪರೀಕ್ಷೆ ನಡೆಸಲು ಬೇಕಾದ ಹೆಜ್ಜೆಗಳನ್ನು ಯಾವ ಯಂತ್ರವೂ ಇಡಲಾರದು. ಆದ್ದರಿಂದ ಹುಡುಕುವವರು 1640ಕ್ಕೇ ಮರಳಿದ್ದಾರೆ: ಫರ್ಮಾನ ನಿಯಮದಂತೆ 2¹²⁷ − 1ರ ಇಮ್ಮಡಿಯನ್ನು 1, 2, 3 ಎಂದು ಗುಣಿಸುತ್ತಾ, ಒಂದು ಕೂಡಿಸುತ್ತಾ, ಬಂದ ಪ್ರತಿಯೊಂದೂ ಆ ಸಂಖ್ಯೆಯನ್ನು ಭಾಗಿಸುತ್ತದೆಯೇ ಎಂದು ನೋಡುತ್ತಿದ್ದಾರೆ. ಇದುವರೆಗೆ ಯಾವುದೂ ಭಾಗಿಸಿಲ್ಲ.